ಎರಡನೆಯ ಸಹಿ

ಪೂಜ್ಯ ಪಂಚಾಕ್ಷರಯ್ಯನವರಿಗೆ,

ಗವಿಪುರದಿಂದ ಗಂಗರತ್ನ ಮಾಡುವ ನಮಸ್ಕಾರಗಳು. ನಿಮ್ಮ ಹನುಮಂತನಗರ ಇಲ್ಲಿಂದ ಕೂಗಳತೆ ದೂರ, ನಡೆದೇ ಬಂದು ಹೇಳಬಹುದಿತ್ತು. ಆದರೆ ನಿಮ್ಮೆದುರು ಕೂತರೆ ನನಗೆ ಮಾತೇ ಹೊರಡುವುದಿಲ್ಲ, ನೀವೂ ಕಾಫಿ ಕುಡಿಸಿ ಕಳಿಸಿಬಿಡುತ್ತೀರಿ. ವಿಷಯ ಇಷ್ಟೇ: ಸೋಮವಾರದಿಂದ ನಮ್ಮ ಪರೀಕ್ಷಾ ವಿಭಾಗಕ್ಕೆ ನಾನೇ ಸೂಪರಿಂಟೆಂಡೆಂಟ್. ನಗಬೇಡಿ. ವೃಷಭೇಂದ್ರಪ್ಪ ಕೂತಿದ್ದ ಅದೇ ಕುರ್ಚಿ.

ಎಪ್ಪತ್ತೆಂಟನೇ ಇಸವಿ ನೆನಪಿದೆಯಾ? ವಿಶ್ವವಿದ್ಯಾಲಯದಿಂದ ಹೊರಡುವ ಯಾವ ಕಾಗದವನ್ನೇ ಆಗಲಿ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲಕ್ಕೆ ತಾಳೆ ನೋಡಬೇಕು, ಇಬ್ಬರೂ ಸಹಿ ಹಾಕಬೇಕು ಎಂಬುದು ನಿಯಮ. ಆ ಮಹಾರಾಯ ನನಗೆ ಮಾತ್ರ ಯಾರೂ ಓದಕೂಡದೆಂದು ಕಟ್ಟು ಮಾಡಿದ. ಅವನ ಭಾವಮೈದುನನ ಅಂಕಪಟ್ಟಿಯನ್ನು ಸರದಿ ತಪ್ಪಿಸಿ ಟೈಪ್ ಮಾಡಿಕೊಡಲಿಲ್ಲ, ಅದೇ ನನ್ನ ಅಪರಾಧ. ಒಬ್ಬಳೇ ಓದಿ ಒಬ್ಬಳೇ ನೋಡಿದರೆ ಕಣ್ಣು ತಪ್ಪದಿರುತ್ತದೆಯೇ? ತಪ್ಪಿದಾಗೆಲ್ಲ ಮೆಮೊ. ಜೊತೆಗೆ ಎಲ್ಲರ ಮುಂದೆ, "ಇವ್ರಿಗೆಲ್ಲ ಅಂಕಿ ಎಲ್ಲಿ ತಿಳಿಯುತ್ತೆ" ಎಂಬ ಮಾತು. ಅವನ ಭಯಕ್ಕೆ ಇಡೀ ವಿಭಾಗವೇ ಸೊರಗಿತ್ತು. ಪಕ್ಕದ ಮೇಜಿನ ಶೈಲಜಮ್ಮ ಊಟದ ಡಬ್ಬಿ ಬಿಚ್ಚಿದರೂ ಬಾಯಿ ಬಿಚ್ಚುತ್ತಿರಲಿಲ್ಲ.

ಅಪ್ಪ ಕಾಟನ್‌ಪೇಟೆಯಲ್ಲಿ ಮೂಟೆ ಹೊತ್ತವನು. ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ದುಡಿದ ಮೊದಲನೆಯವಳು ನಾನು. ಆದರೂ ಒಂದು ದಿನ ಸಾಕಾಗಿ ರಾಜೀನಾಮೆ ಟೈಪ್ ಮಾಡಿ, ಕಾಗದ ರವಾನಿಸುವ ನಿಮ್ಮ ಮೇಜಿನ ಮೇಲಿಟ್ಟೆ.

ನೀವು ತಲೆ ಎತ್ತಲಿಲ್ಲ. ಅಂಕ ಓದುವ ಅದೇ ರಾಗದಲ್ಲಿ, ಹಾಲ್‌ಗೆಲ್ಲ ಕೇಳುವಂತೆ ಓದತೊಡಗಿದಿರಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು ನನಗೆ. 'ನನ್ನ ಸ್ವಂತ ಕಾರಣಗಳಿಂದ' ಎಂಬಲ್ಲಿ ನಿಂತಿರಿ.

"ಇದು ಮೂಲಕ್ಕೆ ತಾಳೆ ಆಗ್ತಿಲ್ಲ ಕಣಮ್ಮ. ನಾನು ಸಹಿ ಹಾಕಲ್ಲ."

ವೃಷಭೇಂದ್ರಪ್ಪ ಎದ್ದು ಬಂದು, "ಯಾರನ್ನ ಕೇಳಿ ಓದ್ತಿದೀರಿ?" ಎಂದ.

"ನಿಯಮ ಸಾರ್. ನಿಜವಾದ ಕಾರಣ ನೀವೇ ಹೇಳಿದ್ರೆ ತಿದ್ದಿಸ್ತೀನಿ" ಅಂದಿರಿ.

ಅವನು ತಿರುಗಿ ತನ್ನ ಕುರ್ಚಿಗೆ ಹೋದ, ನೀವು ಆ ರಾಜೀನಾಮೆಯನ್ನು ಮಡಚಿ ನನ್ನ ಕೈಗೇ ಕೊಟ್ಟಿರಿ. ಮರುದಿನ ಶೈಲಜಮ್ಮ ನನ್ನೆದುರು ಕುರ್ಚಿ ಎಳೆದುಕೊಂಡು, ನಡುಗುವ ದನಿಯಲ್ಲೇ ಅಂಕ ಓದಿದರು. ಆಮೇಲೆ ಒಬ್ಬೊಬ್ಬರೇ ಬಂದರು. ನಿಮ್ಮನ್ನು ಮಾತ್ರ ತಿಂಗಳೊಳಗೆ ಹಳೆಯ ದಾಖಲೆಗಳ ಕೋಣೆಗೆ ತಳ್ಳಿದರು. ನಿವೃತ್ತಿಯವರೆಗೂ ಅಲ್ಲಿ ಧೂಳು ಕುಡಿದಿರಿ. ನನ್ನಿಂದಾಗಿ ಹೀಗಾಯಿತಲ್ಲ ಎಂದು ಅತ್ತಾಗ, "ಬಿಡಮ್ಮ, ಅಲ್ಲಿ ತಣ್ಣಗಿದೆ" ಅಂದಿದ್ದಿರಿ. ಆ ಮಾತನ್ನು ನಾನು ಇವತ್ತಿಗೂ ನಂಬಿಲ್ಲ. ಆದರೆ ಈಗ ಮನಸ್ಸು ನಿರಾಳವಾಗಿದೆ, ನಿಮ್ಮಾಣೆ.

ನಮ್ಮ ವಿಭಾಗದಲ್ಲಿ ಇನ್ನು ಯಾರೂ ಒಂಟಿಯಾಗಿ ತಾಳೆ ನೋಡಕೂಡದು. ನನ್ನ ಮೊದಲ ಆದೇಶ ಇದೇ. ಹೊಸ ಹುದ್ದೆಗೆ ಸೇರಿದೆನೆಂದು ಸೋಮವಾರ ಕೊಡಬೇಕಾದ ಹಾಜರಿ ಪತ್ರವನ್ನು ಇದರ ಜೊತೆಗಿಟ್ಟಿದ್ದೇನೆ. 'ಸಂತೋಷದಿಂದ ಹಾಜರಾಗಿದ್ದೇನೆ' ಎಂದು ಬರೆದಿದ್ದೇನೆ. ಹಾಜರಿ ಪತ್ರದಲ್ಲಿ ಯಾರೂ ಹಾಗೆ ಬರೆಯುವುದಿಲ್ಲ, ಗೊತ್ತು. ನೀವೊಮ್ಮೆ ಗಟ್ಟಿಯಾಗಿ ಓದಿ ನೋಡಿ. ಈ ಸಲ ಮೂಲಕ್ಕೆ ತಾಳೆ ಆಗುತ್ತದೆ. ಎರಡನೆಯ ಸಹಿಯ ಜಾಗ ನಿಮಗೆಂದೇ ಬಿಟ್ಟಿದ್ದೇನೆ.

ನಿಮ್ಮ ದನಿ ನೂರು ಕಾಲ ಗಟ್ಟಿಯಾಗಿರಲಿ ಎಂದು ಗವಿ ಗಂಗಾಧರೇಶ್ವರನಲ್ಲಿ ಬೇಡುವ,

ನಿಮ್ಮ ಗಂಗರತ್ನ