ಮಾವನ ಬಲಗಾಲು

ಮನೆಯಿಂದ,
ಬುಧವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಹೇಗಿದ್ದೀಯ? ನಿಮ್ಮಕ್ಕನ ಕೈ ಹೇಗಿದೆ? ಪ್ಲಾಸ್ಟರ್ ಬಿಚ್ಚುವವರೆಗೆ ಅವರ ಕೈಯ ಕೆಲಸವನ್ನೂ ಬಾಯಿಯೇ ಮಾಡುತ್ತಿರುತ್ತದೆ, ನಿನ್ನ ಕಿವಿ ಜೋಪಾನ. ನಿನ್ನ ಸೊಂಟನೋವು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ. ಕಿಟಕಿಯ ಗಿಡಗಳಿಗೆ ಮರೆಯದೆ ನೀರು ಹಾಕುತ್ತಿದ್ದೇನೆ, ಒಂದಕ್ಕೆ ಮಾತ್ರ ನನ್ನ ಪ್ರೀತಿ ಹೆಚ್ಚಾಗಿ ಕೊಳೆಯುವ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ ಶಾಲೆಯ ಯೂನಿಫಾರಮ್ಮುಗಳ ರಾಶಿ ಬಿದ್ದಿದೆ. ಫೋನಿರುವಾಗ ಈ ಮನುಷ್ಯನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಅಂದುಕೊಳ್ಳುತ್ತಿರುತ್ತೀಯ. ಫೋನಿನಲ್ಲಿ ಹೇಳಲು ಹೊರಟರೆ ನನ್ನ ಬಾಯಿ ತನಗೆ ಬೇಕಾದ ಕಡೆ ಬಣ್ಣ ಹಚ್ಚುತ್ತದೆ. ನಿನ್ನೆ ಮೊನ್ನೆ ಫೋನ್ ಮಾಡಿ ಬರೀ ಗಿಡದ ವಿಷಯ ಮಾತಾಡಿ ಇಟ್ಟದ್ದು ಅದಕ್ಕೇ. ಹೇಳಬೇಕಾದದ್ದು ನಿಮ್ಮಪ್ಪನ ಕಾಲಿನ ವಿಷಯ. ಗಾಬರಿಯಾಗಬೇಡ, ಅವರ ಕಾಲಿಗೆ ಏನೂ ಆಗಿಲ್ಲ. ಏನೂ ಆಗಿಲ್ಲ ಎನ್ನುವುದೇ ವಿಷಯ.

ನನ್ನ ಬೇಸ್ ಗಿಟಾರಿಗೆ ಕೊಂಡ ಕಪ್ಪು ಪೆಡಲ್ ಪೆಟ್ಟಿಗೆ ನಿನಗೆ ಗೊತ್ತಲ್ಲ, ನೀನು ಪೊರಕೆಯಲ್ಲಿ ತಳ್ಳಿ ನನ್ನಿಂದ ಬೈಸಿಕೊಂಡದ್ದು. ಕಾಲಲ್ಲಿ ಒತ್ತಿದರೆ ಅದರ ಒಂದೊಂದು ಸ್ವಿಚ್ಚಿಗೂ ಒಂದೊಂದು ಬಗೆಯ ಸದ್ದು. ಅದರಲ್ಲಿ ಒಂದಕ್ಕೆ ಕಂಪ್ರೆಸರ್ ಎಂದು ಹೆಸರು. ಗಟ್ಟಿಯಾಗಿ ಮೀಟಿದ ಸ್ವರವನ್ನು ಅದು ಅದುಮುತ್ತದೆ, ಆಮೇಲೆ ಒಟ್ಟು ಸದ್ದನ್ನು ಎತ್ತಿದರೆ ಮೆಲ್ಲಗೆ ಮೀಟಿದ್ದೂ ಅದರ ಸಮಕ್ಕೆ ಬಂದು ನಿಲ್ಲುತ್ತದೆ. ದರ್ಜಿಯ ಭಾಷೆಯಲ್ಲಿ ಹೇಳುವುದಾದರೆ ಸ್ವರಗಳಿಗೆ ಇಸ್ತ್ರಿ. ಹಗಲೆಲ್ಲ ಮನೆಮನೆಯ ಫ್ರಿಡ್ಜ್ ರಿಪೇರಿ ಮಾಡಿ, ಸಂಜೆ ನಮ್ಮ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ನಿಮ್ಮಪ್ಪ ಆ ಹೆಸರು ಕೇಳಿ ಸುಮ್ಮನಿದ್ದಾರೆಯೇ? “ಏನ್ ಅಳಿಯಂದ್ರೇ, ಗ್ಯಾಸ್ ಖಾಲಿಯಾದ್ರೆ ಹೇಳಿ, ತುಂಬಿಸಿ ಕೊಡ್ತೀನಿ” ಎಂದು ಡ್ರಮ್ಮಿನ ಹಿಂದಿನಿಂದಲೇ ರೇಗಿಸಿದ್ದರು. ಬ್ಯಾಂಡಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಅದನ್ನು ನಾನು ಯಾತಕ್ಕೆ ಹಾಕಿಕೊಂಡಿದ್ದೆ ಎಂದು ನನಗೊಬ್ಬನಿಗೇ ಗೊತ್ತಿತ್ತು.

ಹೊಲಿಗೆ ಮೆಷಿನ್ನಿನ ಸೂಜಿ ನನ್ನ ಬಲಗೈ ನಡುಬೆರಳಿಗೆ ಹೊಕ್ಕಿತ್ತಲ್ಲ, ಅದು ವಾಸಿಯಾಯಿತು ಎಂದು ನಿನಗೆ ಹೇಳಿದ್ದೆ. ಗಾಯ ವಾಸಿಯಾಗಿದೆ, ಬಲ ವಾಪಸು ಬಂದಿಲ್ಲ. ತೋರುಬೆರಳು ಮೀಟಿದ ಸ್ವರ ಗಟ್ಟಿ, ನಡುಬೆರಳು ಮೀಟಿದ್ದು ಸಪ್ಪೆ. ಒಂದು ಬಿಟ್ಟು ಒಂದು ಸ್ವರ ಕುಂಟುತ್ತಿತ್ತು. ಬೇರೆಯವರಿಗೆ ಗೊತ್ತಾದರೆ ಸ್ಟೇಜಿನ ಜಾಗ ಹೋಗುತ್ತದೆ ಎಂಬ ಹೆದರಿಕೆಗೆ ಕಂಪ್ರೆಸರ್ ಹಾಕಿದೆ. ಹಾಕಿದ್ದಾದರೂ ಹೇಗೆ, ಊಟಕ್ಕೆ ಕೂತವನು ಉಪ್ಪಿನ ಭರಣಿಯನ್ನೇ ಸುರಿದುಕೊಂಡ ಹಾಗೆ, ಇದ್ದ ತಿರುಪುಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿಬಿಟ್ಟೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಬೆಣ್ಣೆಯಂಥ ಸದ್ದು, ಕುಂಟೇ ಇಲ್ಲ. ನೀನು ಊಟಕ್ಕೆ ಕರೆದರೂ ನನಗೆ ಕೇಳಿಸದಿದ್ದದ್ದು ಆ ದಿನಗಳಲ್ಲೇ.

ಆದರೆ ನಮ್ಮ ಶನಿವಾರದ ಕಾರ್ಯಕ್ರಮ ನಡೆಯುವ ಹೋಟೆಲಿನ ಮಹಡಿಯ ಹಾಲ್‌ನಲ್ಲಿ ಎಲ್ಲರ ಜೊತೆ ನುಡಿಸಿದಾಗ ಹಾಡುಗಳಿಗೆ ಜೀವವೇ ಇರಲಿಲ್ಲ. ಕೀಬೋರ್ಡ್ ನುಡಿಸುವ ನಮ್ಮ ಮೇಷ್ಟ್ರು, ಬ್ಯಾಂಡಿನ ಹಿರಿಯರು, ಒಂದು ಹಾಡು ಮುಗಿಸಿ “ಯಾಕೋ ಬುಡಾನೇ ಇಲ್ಲ ಕಣ್ರೋ, ಗಾಳೀಲಿ ತೇಲ್ತಾ ಇದೀವಿ” ಅಂದರು. ಬುಡ ಅಂದರೆ ಎರಡೇ: ನನ್ನ ಬೇಸು, ನಿಮ್ಮಪ್ಪ ಬಲಗಾಲಲ್ಲಿ ತುಳಿದು ಬಾರಿಸುವ ದೊಡ್ಡ ಡ್ರಮ್ಮು. ಅವೆರಡೂ ಒಟ್ಟಿಗೆ ಹೆಜ್ಜೆ ಇಡಬೇಕು. ಯಾರೂ ನನ್ನ ಕಡೆ ತಿರುಗುವ ಮೊದಲೇ ನನ್ನ ಬಾಯಿಂದ ಮಾತು ಬಿತ್ತು. “ಮಾವಂದು ಬಲಗಾಲು ಸ್ವಲ್ಪ ತಡ ಆಗ್ತಿದೆ ಅನ್ಸುತ್ತೆ.” ನಿಮ್ಮಪ್ಪ ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. “ಇರಬಹುದಪ್ಪ, ವಯಸ್ಸಾಯ್ತಲ್ಲ” ಅಂದರು, ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೂ ಬಿಟ್ಟು ಪಕ್ಕದವರ ಕಾಲನ್ನೇ ಡೊಂಕು ಅಂದೆ.

ಮುಂದಿನದು ನಿನಗೆ ಗೊತ್ತು, ಗೊತ್ತಿರುವುದೇ ನನಗೆ ನಾಚಿಕೆ. ನೀನು ಅವರನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಮಂಡಿಗೆ ಪಟ್ಟಿ ಹಾಕಿಸಿದೆ. “ಅಪ್ಪನ ಕಾಲು ಸೋತಿದೆ ಅಂತ ನಿಮಗೆ ಖಂಡಿತ ಗೊತ್ತಾ?” ಎಂದು ನೀನು ಕೇಳಿದಾಗ ನಾನು ಕೊಟ್ಟ ಉತ್ತರ ನೆನಪಿದೆಯೇ? “ನನ್ನ ಕಿವಿ ಸುಳ್ಳು ಹೇಳಲ್ಲ” ಅಂದಿದ್ದೆ. ಕಿವಿ ಹೇಳಲಿಲ್ಲ ನಿಜ, ಹೇಳಿದ್ದು ಬಾಯಿ. ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಕಿಟಕಿಯಿಂದ ಕಂಡದ್ದನ್ನು ನಿನಗೆ ಹೇಳಿಲ್ಲ. ನೆಲದ ಮೇಲೆ ಕಂಬಳಿ ಮಡಿಸಿಟ್ಟುಕೊಂಡು, ಕುರ್ಚಿಯಲ್ಲಿ ಕೂತು, ಮಂಡಿಗೆ ಪಟ್ಟಿ ಕಟ್ಟಿದ ಆ ಕಾಲಲ್ಲಿ ಅದನ್ನು ತುಳಿಯುತ್ತಿದ್ದರು. ನಲವತ್ತು ವರ್ಷದಿಂದ ತಾಳ ಬಿಡದ ಮನುಷ್ಯ ಹೊಸದಾಗಿ ಕಲಿಯುವವರ ಹಾಗೆ ಬಾಯಲ್ಲಿ ಎಣಿಸುತ್ತಿದ್ದರು. ನಾನು ಬಾಗಿಲು ತಟ್ಟದೆ ವಾಪಸು ಬಂದೆ. ಸ್ಟೇಜಿನ ಮೇಲೆ ನನ್ನ ಕಂಪ್ರೆಸರ್ ಇದ್ದ ಹಾಗೇ ಇತ್ತು, ಹಾಡುಗಳೂ ತೇಲುತ್ತಲೇ ಇದ್ದವು. ಕೊನೆಗೆ ಮೇಷ್ಟ್ರು ಅವರನ್ನು ಪಕ್ಕಕ್ಕೆ ಕರೆದು ಇನ್ನು ವಿಶ್ರಾಂತಿ ತಗೊಳ್ಳಿ ಎಂದರು. ದೊಡ್ಡ ಡ್ರಮ್ಮಿನ ಒಂದು ತುದಿ ಹಿಡಿದು ಮೆಟ್ಟಿಲಿಳಿಸಿದವನು ನಾನೇ. ವ್ಯಾನಿಗೆ ಹಾಕಿದ ಮೇಲೆ ಅವರು ನನ್ನ ಭುಜ ತಟ್ಟಿ “ಥ್ಯಾಂಕ್ಸ್ ಅಳಿಯಂದ್ರೇ” ಅಂದರು.

ಕಳೆದ ಭಾನುವಾರ ಹೊಸ ಡ್ರಮ್ಮರ್ ಜೊತೆ ಪ್ರಾಕ್ಟೀಸ್. ಕಟ್ಟುಮಸ್ತಾದ ಹುಡುಗ, ತುಳಿದರೆ ಹಲಗೆ ಅದುರುತ್ತದೆ. ಆದರೂ ಅದೇ ಕಥೆ. ಮೇಷ್ಟ್ರು ಆ ಹುಡುಗನ ಕಾಲನ್ನೂ ಅನುಮಾನದಿಂದ ನೋಡತೊಡಗಿದರು. ಆಗ ಸೌಂಡಿನವನು ಮೇಲೆ ಬಂದ. ನಾವು ಅವನನ್ನು ಮೌನಿಸ್ವಾಮಿ ಅನ್ನುತ್ತೇವೆ, ಮಾತಿಗೊಂದು ನೋಟು ಕೊಡಬೇಕಾದವನ ಹಾಗೆ ಇರುತ್ತಾನೆ. ನಾನು ಕಂಪ್ರೆಸರನ್ನು ಎಷ್ಟು ಬಿಗಿ ಮಾಡಿದ್ದೆನೆಂದರೆ ಅದರ ಕೆಂಪು ದೀಪ ಆರುವುದೇ ಇರಲಿಲ್ಲ. ಅವನು ಅದನ್ನು ನೋಡಿದ, ಬಗ್ಗಿ ಸ್ವಿಚ್ ಒತ್ತಿ ಆಫ್ ಮಾಡಿದ, “ನುಡಿಸಿ” ಅಂದ. ನುಡಿಸಿದೆವು. ಡ್ರಮ್ಮು ಧಿಮ್ ಅಂತ ಎದ್ದು ನಿಂತಿತು. ಅವನು “ಕಾಲು ಬಂತು” ಅಂದು ಕೆಳಗಿಳಿದು ಹೋದ. ಆಮೇಲೆ ನನಗೆ ಅರ್ಥವಾದದ್ದು ಇಷ್ಟು: ಅಷ್ಟು ಬಿಗಿ ಮಾಡಿದಾಗ ನನ್ನ ಪ್ರತಿ ಸ್ವರದ ಮೊದಲ ಪೆಟ್ಟು ಚಪ್ಪಟೆಯಾಗಿ, ಬಾಲ ಉದ್ದವಾಗಿ ಎಳೆಯುತ್ತಿತ್ತು. ಆ ಬಾಲದ ಕೆಳಗೆ ದೊಡ್ಡ ಡ್ರಮ್ಮು ಮುಳುಗಿ, ಕೇಳುವವರಿಗೆ ತಡವಾಗಿ, ಬಲವಿಲ್ಲದೆ ಬಂದ ಹಾಗೆ ಕೇಳುತ್ತಿತ್ತು. ಡ್ರಮ್ಮು ಎದ್ದ ಜೊತೆಗೇ ನನ್ನ ನಡುಬೆರಳೂ ಎಲ್ಲರಿಗೂ ಕೇಳಿಸಿತು, ಗಟ್ಟಿ, ಸಪ್ಪೆ, ಗಟ್ಟಿ, ಸಪ್ಪೆ. ಆ ಹೊಸ ಹುಡುಗ ಪಾಪ, ನನ್ನ ಮುಖ ನೋಡಲಾರದೆ ತನ್ನ ಕಡ್ಡಿಗಳನ್ನು ಒರೆಸುತ್ತ ಕೂತ.

ಬೆರಳಿನ ವಿಷಯ ನಾನೇ ಬಾಯಿಬಿಟ್ಟೆ. ಮೇಷ್ಟ್ರು ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, “ಬೆರಳು ನೋವು ಅಂದಿದ್ರೆ ನಿಧಾನದ ಹಾಡು ಇಟ್ಕೋತಿದ್ವಲ್ಲೋ. ಹೋಗಿ ನಿಮ್ಮ ಮಾವನ್ನ ಕರ್ಕೊಂಡು ಬಾ. ಅವರು ಬರದಿದ್ರೆ ನೀನೂ ಶನಿವಾರ ಬರಬೇಡ” ಅಂದರು. ಭಾನುವಾರದಿಂದ ನಾನು ಅವರ ಬೀದಿಯ ತಿರುವಿನವರೆಗೆ ಹೋಗುವುದು, ಬರುವುದು. ಶನಿವಾರದ ಜಾಗ ಹೋದರೆ ಹೋಗಲಿ, ಅದರ ಚಿಂತೆ ಈಗ ಇಲ್ಲ. ಆ ಬ್ಯಾಂಡಿಗೆ ನನ್ನನ್ನು ಸೇರಿಸಿದವರು ಅವರು. ಅಪ್ಪನ ಡ್ರಮ್ಮಿನ ಕಂಚಿನ ತಾಳಗಳ ಚೀಲ ಹೊತ್ತು ಬರುತ್ತಿದ್ದ ನಿನ್ನನ್ನು ನಾನು ಮೊದಲು ಕಂಡದ್ದೂ ಅಲ್ಲೇ. ಅಂಥವರು ತಮ್ಮ ಕಾಲಿನ ಮೇಲೇ ಅನುಮಾನಪಡುವ ಹಾಗೆ ಮಾಡಿಬಿಟ್ಟೆ. ನೀನು ಬಂದಮೇಲೆ ಏನು ಬೇಕಾದರೂ ಅನ್ನು, ಮಾತು ಬಿಡಬೇಡ.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ಇನ್ನೂ ಹಾಗೆ ಕರೆಯುವ ಮನಸ್ಸಿದ್ದರೆ,
ನಿನ್ನ ‘ಇವರು’

ಮರೆತೆ: ನಿಮ್ಮಪ್ಪನ ಬಾಗಿಲು ತಟ್ಟುವ ಧೈರ್ಯ ಬರಲೇ ಇಲ್ಲ. ಅದಕ್ಕೆ ಈ ಕಾಗದ ಹಿಡಿಯುವ ಮುಂಚೆಯೇ ಫೋನ್ ಮಾಡಿ ನಮ್ಮ ಫ್ರಿಡ್ಜ್ ಕೆಟ್ಟಿದೆ, ಕಂಪ್ರೆಸರ್ ಇರಬೇಕು ಎಂದು ಸುಳ್ಳು ಹೇಳಿಬಿಟ್ಟೆ. ಪ್ಲಗ್ ಕಿತ್ತವನು ನಾನೇ. ಪೆಡಲ್ ಪೆಟ್ಟಿಗೆಯನ್ನು ಫ್ರಿಡ್ಜಿನ ಮುಂದೆಯೇ ನೆಲದ ಮೇಲೆ ಇಟ್ಟಿದ್ದೇನೆ, ಮಾತು ಅಲ್ಲಿಂದ ಶುರುವಾಗಲಿ ಎಂದು. ಬರುತ್ತೇನೆ ಅಂದರು, ಕಾಲಿನ ವಿಷಯ ಅವರೂ ಎತ್ತಲಿಲ್ಲ. ಮೆಟ್ಟಿಲ ಮೇಲೆ ಸದ್ದಾಗುತ್ತಿದೆ, ಬಂದರು ಅನಿಸುತ್ತದೆ. ಹೌದು, ಟೂಲ್ಸ್ ಪೆಟ್ಟಿಗೆಯ ಗಲಗಲ ಕೇಳಿಸುತ್ತಿದೆ. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ಇವಳೇ, ಬಲಗಾಲು ಒಂದು ಚೂರೂ ತಡವಾಗುತ್ತಿಲ್ಲ.