ಕೂತ ಹೊತ್ತು, ದುಡಿದ ಹೊತ್ತು

ಸೆಪ್ಟೆಂಬರ್ 2, ಬೆಳಿಗ್ಗೆ

ತೆರೆದೆಯಾ ಇದನ್ನು? ಯಾರಾದರೂ ಆಗಿರು, ನಾಚಿಕೆಯಿಲ್ಲದ ಕಣ್ಣು ನಿನ್ನದು. ಹಾಸಿಗೆಯ ಕೆಳಗೆ ಇಟ್ಟಿದ್ದು ನೀನು ಓದಲಿ ಎಂದಲ್ಲ. ತೆರೆದಾಯಿತಲ್ಲ, ಎಣ್ಣೆ ಕೈಯಲ್ಲಿ ಹಾಳೆ ಮುಟ್ಟಬೇಡ. ತಪ್ಪು ಹುಡುಕಿ ಕಿಸಿಯಬೇಡ. ಮಿಷನ್ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕಲಿತವಳ ಕೈ ಇದು.

ಕೋಳಿ ಬಿಟ್ಟೆ. ಅಂಗಳ ಗುಡಿಸಿದೆ. ಮೊಮ್ಮಗಳು ತವೊಂಗಾಳ ಕಂಪ್ಯೂಟರ್ ಒರೆಸಿದೆ. ಅವಳು ಮೇ ತಿಂಗಳಲ್ಲಿ ಸರೋವರದ ದಡದ ಊರಿಗೆ, ಮಳೆ ಅಳೆಯುವ ಕೆಲಸಕ್ಕೆ ಹೋದಳು. ಹೋಗುವಾಗ ಯಂತ್ರವನ್ನು ಈ ಅಜ್ಜಿಯ, ತನ್ನ ಗೋಗೋಳ ತಲೆಗೆ ಕಟ್ಟಿದಳು.

"ಆರಿಸ್ಬೇಡಿ ಗೋಗೋ. ಇದು ಮಳೆ ಲೆಕ್ಕ ಮಾಡ್ತಿರುತ್ತೆ. ನಮ್ಮ ಕೆಲಸ ಬಂದ್ರೆ ತಾನೇ ಹಿಂದೆ ಸರಿಯುತ್ತೆ."

ಲೋಕದ ಎಷ್ಟೋ ಮನೆಗಳಲ್ಲಿ ಯಂತ್ರಗಳು ಹೀಗೆ ಲೆಕ್ಕದ ಒಂದೊಂದು ಚೂರು ಹಂಚಿಕೊಂಡಿವೆಯಂತೆ. ಯಾರೂ ಕೂಲಿ ಕೇಳುವುದಿಲ್ಲವಂತೆ. ಚೂರೆಲ್ಲ ಸೇರಿದರೆ ನಮ್ಮ ರುಂಫಿ ಕಡೆ ಮಳೆ ಯಾವಾಗ, ಎಷ್ಟು ಎಂದು ಮೊದಲೇ ಅಂದಾಜು ಸಿಗುತ್ತದಂತೆ. ಸಿಗಲಿ. ಈಗ ಬಿತ್ತನೆಯ ದಿನವನ್ನು ಜಗಳವಾಡಿ ಗೊತ್ತುಮಾಡುತ್ತೇವೆ.

ದಿನದಂತೆ ಯಂತ್ರದಲ್ಲಿ ತವೊಂಗಾಳ ವಿಡಿಯೋ ಹಾಕಿದೆ. ನೀಲಿ ಅಂಗಿ ತೊಟ್ಟು ಬೇಲಿಯ ಹತ್ತಿರ ನಿಂತು ನಗುತ್ತಾಳೆ. ಮುಗಿದರೆ ತಾನೇ ಮತ್ತೆ ಶುರು. ಶಬ್ದ ಇಲ್ಲ. ಬೆಳಿಗ್ಗೆ ಹಾಕಿದ್ದು ಮಲಗುವಾಗ ನಿಲ್ಲಿಸುವುದು. ಮನೆಯಲ್ಲಿ ಯಾರೋ ಇದ್ದ ಹಾಗೆ...

ಸೆಪ್ಟೆಂಬರ್ 6

ಪಕ್ಕದ ಮನೆಯ ನ್ಯಾಕೈರಾ ಬಂದಿದ್ದಳು. ಚರ್ಚಿನ ಮಹಿಳಾ ಸಂಘದ ಕಾರ್ಯದರ್ಶಿ. ನನ್ನ ಹಾಗೇ ಗಂಡನನ್ನು ಮಣ್ಣಿಗಿಟ್ಟವಳು. ಸಂಘದ ನೋಟೀಸನ್ನು ಈ ಯಂತ್ರದಲ್ಲೇ ಎರಡು ಬೆರಳಲ್ಲಿ ಕುಟ್ಟುತ್ತಾಳೆ. ವಿಡಿಯೋವನ್ನು ಒಂದು ಮೂಲೆಗೆ ಸರಿಸಿ ಕೂತಳು.

"ಅಕ್ಕಾ, ನಿಮ್ಮ ಮೊಮ್ಮಗಳು ಯಾವಾಗ ನೋಡಿದ್ರೂ ಆ ಬೇಲಿ ಹತ್ರಾನೇ ನಿಂತಿರ್ತಾಳಲ್ಲ. ಕಾಲು ನೋಯಲ್ವಾ ಅವಳಿಗೆ?"

"ನಿನ್ನ ನಾಲಿಗೆ ನೋಯದಿದ್ರೆ ಅವಳ ಕಾಲೂ ನೋಯಲ್ಲ. ಕುಟ್ಟು."

ಹೋಗುವಾಗ ಒಣ ಮೀನು ಇಟ್ಟು ಹೋದಳು. ಉಪ್ಪು ಜಾಸ್ತಿ. ತಿಂದೆ.

ಸೆಪ್ಟೆಂಬರ್ 12, ಸಂಜೆ

ಯಂತ್ರದ ಪರದೆಯಲ್ಲಿ ತವೊಂಗಾಳ ಮೆಸೇಜು. ಬಹಳ ದಿನದ ಮೇಲೆ.

"ಗೋಗೋ, ಯಂತ್ರಾನ ಬೇರೆ ಯಾರು ಬಳಸ್ತಿದ್ದಾರೆ? ರನ್ ಟೈಮ್ ಹತ್ತು ಗಂಟೆ ಇದ್ರೆ ಪ್ರೊಸೆಸರ್ ಟೈಮ್ ಮೂರೇ ಗಂಟೆ ಇದೆ. ಲೆಕ್ಕ ಹತ್ತು ಗಂಟೆ ತೆರೆದಿತ್ತು, ನಿಜವಾಗಿ ದುಡಿದಿದ್ದು ಮೂರೇ ಅಂತ. ಹೀಗಾದ್ರೆ ಗಡುವು ಮೀರುತ್ತೆ, ನಮ್ಮ ಚೂರನ್ನ ಬೇರೆಯವರಿಗೆ ಕೊಟ್ಬಿಡ್ತಾರೆ."

ಅಷ್ಟೇ. ಉಂಡಿರಾ, ಮಲಗಿದಿರಾ, ಬದುಕಿದ್ದೀರಾ — ಒಂದೂ ಇಲ್ಲ. ಯೋಗಕ್ಷೇಮ ಎಲ್ಲ ಯಂತ್ರದ್ದೇ.

ಉಳಿದ ಏಳು ಗಂಟೆ ಯಾರ ಹೊಟ್ಟೆಗೆ ಹೋಯಿತು? ನನ್ನ ಬಿಟ್ಟರೆ ಇದನ್ನು ಮುಟ್ಟುವವಳು ಒಬ್ಬಳೇ.

ಸೆಪ್ಟೆಂಬರ್ 13

ಕೇಳಿಯೇ ಬಿಟ್ಟೆ. ಬೇಲಿಯ ಮೇಲಿಂದಲೇ.

"ನಾನಿಲ್ಲದಾಗ ಒಳಗೆ ಬಂದು ಕೂತಿರ್ತೀಯಾ? ಹತ್ತರಲ್ಲಿ ಏಳು ಗಂಟೆ ಕಾಣ್ತಿಲ್ಲ."

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಸೊಂಟದ ಚಿತೆಂಜೆ ಬಟ್ಟೆ ಬಿಚ್ಚಿ ನನ್ನೆದುರಿಗೆ ಒದರಿದಳು.

"ನೋಡಿ ಅಕ್ಕಾ, ಕದ್ದ ಗಂಟೆ ಇದರಲ್ಲಿ ಎಲ್ಲಾದ್ರೂ ಕಟ್ಕೊಂಡಿದೀನಾ ನೋಡ್ಕೊಳಿ."

ಮತ್ತೆ ಸುತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು. ಹಗಲಲ್ಲಿ ಆ ಬಾಗಿಲು ಹಾಕಿದ್ದನ್ನು ಈವರೆಗೆ ನೋಡಿರಲಿಲ್ಲ.

ಸೆಪ್ಟೆಂಬರ್ 21

ಅವಳು ಬಂದಿಲ್ಲ. ನೋಟೀಸನ್ನು ಕೈಯಲ್ಲಿ ಬರೆದು ಚರ್ಚಿನ ಬಾಗಿಲಿಗೆ ಅಂಟಿಸಿದ್ದಾಳೆ. ಅಕ್ಷರ ನನ್ನದಕ್ಕಿಂತ ಕೆಟ್ಟದು.

ತವೊಂಗಾ ಇನ್ನೊಂದು ಮೆಸೇಜು ಹಾಕಿದಳು — "ಇನ್ನೂ ಹಾಗೇ ಇದೆ ಗೋಗೋ."

ಹಾಗೇ ಇದೆ? ಬೇಲಿಯ ಜಗಳವಾಗಿ ಎಂಟು ದಿನ, ನ್ಯಾಕೈರಾ ಹೊಸ್ತಿಲು ತುಳಿದಿಲ್ಲ. ಹಾಗಾದರೆ ಅವಳಲ್ಲ. ಬರೆಯಲೂ ಕೈ ಬರುತ್ತಿಲ್ಲ, ಅವಳ ಬಾಗಿಲು ತಟ್ಟಲು ಎಲ್ಲಿಂದ ಬರಬೇಕು. ಯಂತ್ರವೇ ಮೈಗಳ್ಳ ಅಂದುಕೊಂಡೆ. ಸಮಾಧಾನವಾಗಲಿಲ್ಲ.

ಸೆಪ್ಟೆಂಬರ್ 24, ಸಂಜೆ

ಹಿಟ್ಟಿನ ಗಿರಣಿಗೆ ಹೋಗಿದ್ದೆ. ಬೆಳಗಾಗುವಾಗಲೇ ಜೋಳದ ಬೇಸಿನ್ ಪಾಳಿಗೆ ಇಟ್ಟು, ಸೊಪ್ಪು ಕೊಯ್ದು ಬಂದೆ. ಬೇಸಿನ್ ಕೂತಿದ್ದರೆ ನಾವೇ ನಿಂತ ಹಾಗೆ; ಯಾರೂ ಮುಟ್ಟುವುದಿಲ್ಲ. ನನ್ನ ಮುಂದಿನದು ನ್ಯಾಕೈರಾಳದು, ಹಸಿರು ಅಂಚಿನದು. ಅವಳು ನೆರಳಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು.

ನನ್ನ ಪಾಳಿ ಹತ್ತಿರ ಬಂದಾಗ ಸಾವಿನ ಮನೆಯ ಜೋಳ ಬಂತು. ಯಾರೂ ಹೇಳಬೇಕಾಗಿಲ್ಲ — ಎಲ್ಲರೂ ಬೇಸಿನ್ ಹಿಂದಕ್ಕೆ ಎಳೆದರು. ಅತ್ತವರಿಗೆ ಅಡುಗೆಯಾಗಬೇಕು, ಅದು ಮೊದಲು. ಆಮೇಲೆ ಅದೇ ಮನೆಯ ಇನ್ನೊಂದು ಮೂಟೆ. ಮತ್ತೆ ಎಳೆದೆವು.

ನನ್ನ ಜೋಳ ಕಲ್ಲಿಗೆ ಬಿದ್ದಾಗ ಬಿಸಿಲು ಇಳಿದಿತ್ತು. ಚಿತೆಂಜೆಗೆ ಅಂಟಿದ ಹಿಟ್ಟು ಕೊಡವುವಷ್ಟರಲ್ಲಿ ಬೀಸಿ ಮುಗಿಯಿತು.

ಅಲ್ಲೇ ನಿಂತುಬಿಟ್ಟೆ. ಬೇಸಿನ್ ಪಾಳಿಯಲ್ಲಿ ಕೂತದ್ದು ಬೆಳಿಗ್ಗೆಯಿಂದ. ಕಲ್ಲು ನನಗಾಗಿ ತಿರುಗಿದ್ದು ಇಷ್ಟೇ. ನಡುವಿನ ಹೊತ್ತನ್ನು ಯಾರೂ ಕದಿಯಲಿಲ್ಲ. ಮುಂದೆ ಹೋಗಬೇಕಾದದ್ದು ಹೋಯಿತು, ಕಲ್ಲು ಅದಕ್ಕೆ ತಿರುಗಿತು. ಯಂತ್ರವೂ ಹಾಗೇ. ನಮ್ಮ ಕೆಲಸ ಬಂದರೆ ಹಿಂದೆ ಸರಿಯುತ್ತದೆ ಅಂದಿದ್ದಳಲ್ಲ. ಪಾಳಿ ಬಿಟ್ಟು ಹೋಗುವುದಿಲ್ಲ, ಬೇಸಿನ್ ಹಿಂದಕ್ಕೆ ಎಳೆದುಕೊಳ್ಳುತ್ತದೆ ಅಷ್ಟೇ.

ಆದರೆ ನನ್ನ ಮನೆಯಲ್ಲಿ ದಿನವೆಲ್ಲ ಮುಂದೆ ಬರುತ್ತಿರುವುದು ಯಾರ ಜೋಳ?

ಮನೆಗೆ ಬಂದು ಬಾಗಿಲು ತೆಗೆದೆ. ನೀಲಿ ಅಂಗಿ. ಬೇಲಿ. ನಗು. ಮುಗಿಯಿತು, ಮತ್ತೆ ಶುರುವಾಯಿತು.

ಹಿಟ್ಟು ತಲೆಯ ಮೇಲಿದ್ದ ಹಾಗೇ ನೋಡುತ್ತ ನಿಂತೆ. ಎಷ್ಟೋ ಹೊತ್ತು. ಆಮೇಲೆ ನಿಲ್ಲಿಸಿದೆ. ಪರದೆ ಕಪ್ಪಾಯಿತು. ಅದರಲ್ಲಿ ಒಬ್ಬ ಮುದುಕಿ.

ಸೆಪ್ಟೆಂಬರ್ 27

ಗಿರಣಿಯಲ್ಲಿ ನ್ಯಾಕೈರಾಳ ಬೇಸಿನ್ ನನ್ನ ಹಿಂದಿತ್ತು. ಎತ್ತಿ ನನ್ನದಕ್ಕಿಂತ ಮುಂದೆ ಇಟ್ಟೆ. ಎಲ್ಲರೆದುರಿಗೆ.

"ಇದೇನು, ನಂದು ಸಾವಿನ ಮನೆ ಜೋಳವಾ?" ಎಂದಳು. "ಯಾರು ಸತ್ತಿದ್ದು?"

"ನನ್ನ ಬುದ್ಧಿ. ಹದಿಮೂರನೇ ತಾರೀಖು, ಬೇಲಿ ಹತ್ರ."

"ಅದು ಹೋಗಿ ಬಹಳ ವರ್ಷ ಆಯ್ತು ಅಂತ ನಾನು ಅಂದ್ಕೊಂಡಿದ್ದೆ."

ಬೇಸಿನ್ ವಾಪಸ್ ತಳ್ಳಲಿಲ್ಲ. ಬರುವಾಗ ಜೊತೆಗೇ ನಡೆದಳು. ಏಳು ಗಂಟೆ ತಿಂದದ್ದು ಯಾರೆಂದು ಹೇಳಿದೆ. ಅಂಗಳಕ್ಕೆ ಬಂದ ಮೇಲೆ, "ಹೇಳಿ ಅಕ್ಕಾ ಮೊಮ್ಮಗಳಿಗೆ. ಬರೆದು ಕೊಡಿ, ಫೋಟೋ ತೆಗೆದು ಕಳಿಸ್ತೀನಿ" ಎಂದಳು.

ಸೆಪ್ಟೆಂಬರ್ 28, ಬೆಳಿಗ್ಗೆ

ತವೊಂಗಾಳ ಮೆಸೇಜು — "ಈಗ ಎರಡೂ ಹೆಚ್ಚುಕಮ್ಮಿ ಒಂದೇ ಆಗಿದೆ. ಏನ್ ಮಾಡಿದ್ರಿ ಗೋಗೋ?"

ಏನು ಮಾಡಿದೆನೇ? ನಿನ್ನ ಮುಖ ಆರಿಸಿದೆ.

ಈ ಹಾಳೆ ನಿನಗೇ. ನ್ಯಾಕೈರಾ ಫೋನು ಹಿಡಿದು ಪಕ್ಕದಲ್ಲಿ ಕೂತಿದ್ದಾಳೆ. ನೀನು ಹೋಗಿ ಎಷ್ಟು ಹೊತ್ತಾಯಿತೆಂದು ಕ್ಯಾಲೆಂಡರ್ ಹೇಳುತ್ತದೆ. ಅದು ಬೇಸಿನ್ ಕೂತ ಹೊತ್ತು. ಅದರಲ್ಲಿ ನನಗಾಗಿ ಕಲ್ಲು ತಿರುಗಿದ್ದೆಷ್ಟು? ಅದು ಇಲ್ಲಿಂದ ಕಾಣುವುದಿಲ್ಲ. ನಿನ್ನಲ್ಲೂ ಮೊದಲು ಹೋಗಬೇಕಾದ ಜೋಳ ಬಂದಿರಬಹುದು. ಬರಲಿ. ನಾನೂ ಹಿಂದಕ್ಕೆ ಎಳೆದುಕೊಂಡಿದ್ದೇನೆ, ಪಾಳಿ ಬಿಟ್ಟು ಹೋಗಿಲ್ಲ.

ಮಳೆಯ ಲೆಕ್ಕ ಮುಗಿಯಲಿ ಎಂದು ಈಗ ಖಾಲಿ ಮನೆಯಲ್ಲಿ ಕೂತಿದ್ದೇನೆ. ಒಳ್ಳೆಯ ಕೆಲಸ, ಒಪ್ಪಿದೆ. ಆದರೆ ಹಗಲು ಉದ್ದ. ಯಂತ್ರದ ವಿಷಯ ಬೇಡ, ನಿನ್ನ ವಿಷಯ ಬರೆ. ಏನು ಉಣ್ಣುತ್ತೀ, ಯಾರ ಜೊತೆ ನಗುತ್ತೀ. ಅಕ್ಟೋಬರ್ ಹುಟ್ಟುವ ಮೊದಲು ಉತ್ತರ ಬರಬೇಕು. ಬರಲಿಲ್ಲವೋ, ಒಂದನೇ ತಾರೀಖು ಬೆಳಿಗ್ಗೆ ಎದ್ದು ಆ ವಿಡಿಯೋ ಹಾಕುತ್ತೇನೆ, ಮಳೆ ಬೇಕಾದರೆ ತನ್ನ ಬೇಸಿನ್ ಹಿಂದಕ್ಕೆ ಎಳೆದುಕೊಳ್ಳಲಿ.