ಗೋಣಿಚೀಲ ಬಿಚ್ಚಿಸಿದವರು

ಮಾನ್ಯ ನಿರ್ದೇಶಕರಿಗೆ,

ನೀವು ಕಳಿಸಿದ ಹೇಳಿಕೆಗೆ ನಾನು ಸಹಿ ಹಾಕುವುದಿಲ್ಲ. ಮರಿಹುಲ್ಲೆ ಗಾಜಿಗೆ ಗುದ್ದಿ ಸತ್ತದ್ದು ಅದರ ಪಾಲಕಿಯಾದ ನನ್ನ ಚಿಕ್ಕಮ್ಮನ ಅಜಾಗರೂಕತೆಯಿಂದ ಎಂದು ಅದರಲ್ಲಿದೆ. ಅದು ಸುಳ್ಳು.

ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಆದರೆ ಕಂಡದ್ದನ್ನು ಮರೆಯುವವಳಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಈ ಸಫಾರಿಯ ಹುಲ್ಲೆಗಳಿಗೆ ಕಬ್ಬಿಣದ ಸರಳುಗಳ ಬೋನಿತ್ತು. ಆಮೇಲೆ ಬಯಲಿಗೆ ಬಿಟ್ಟು ಸುತ್ತ ತಂತಿಬೇಲಿ ಹಾಕಿದರು. ಬೆದರಿ ಓಡುವ ಹುಲ್ಲೆಗೆ ತೆಳು ತಂತಿ ಕಾಣುವುದಿಲ್ಲ. ಮೊದಲ ವಾರವೇ ಎರಡು ಹುಲ್ಲೆಗಳು ಬೇಲಿಗೆ ಗುದ್ದಿ ಕತ್ತು ಮುರಿದುಕೊಂಡವು. ಬೇಲಿಯುದ್ದಕ್ಕೂ ಗೋಣಿಚೀಲ ಕಟ್ಟಿದವಳು ಚಿಕ್ಕಮ್ಮ. ಅಲ್ಲಿಂದ ಹದಿನಾಲ್ಕು ವರ್ಷ ಒಂದೂ ಹಾಗೆ ಸಾಯಲಿಲ್ಲ.

ಈ ವರ್ಷ ನೀವು ಗಾಜಿನ ಗೋಡೆ ಹಾಕಿಸಿದಿರಿ. ಅದಕ್ಕೂ ಅವಳು ಗೋಣಿ ಕಟ್ಟಿದಳು. ಉದ್ಘಾಟನೆಯ ಹಿಂದಿನ ದಿನ ನೀವು ಬಂದು, “ಇದೇನು ಸಫಾರಿನೋ ಗೋದಾಮೋ? ತೆಗೀರಿ ಅದನ್ನ” ಎಂದಿರಿ.

“ಅವಕ್ಕೆ ಗಾಜು ಕಾಣಲ್ಲ ಸಾರ್,” ಎಂದಳು ಚಿಕ್ಕಮ್ಮ.

“ಹಾಗಾದ್ರೆ ಕನ್ನಡಕ ಹಾಕ್ಸಮ್ಮ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಮುಟ್ಟುವುದಿಲ್ಲ ಎಂದಾಗ ಏಣಿ ಹತ್ತಿ ಗೋಣಿ ಬಿಚ್ಚಿದವಳು ನಾನೇ. ಮೂರನೇ ದಿನ ಮರಿ ಸತ್ತಿತು. ಇದೆಲ್ಲವನ್ನೂ, ಗೋಣಿ ಬಿಚ್ಚಿಸಿದವರ ಹೆಸರಿನ ಸಮೇತ, ಹೇಳಿಕೆಯಲ್ಲಿ ಸೇರಿಸಿ. ಆಗ ಸಹಿ ಹಾಕುತ್ತೇನೆ.

ಕೊಟ್ಟಿಗೆಯಲ್ಲಿರುವ ಉಳಿದ ಒಂಬತ್ತು ಹುಲ್ಲೆಗಳನ್ನು ನಾಳೆ ಬೆಳಗ್ಗೆ ಎಂಟಕ್ಕೆ ಬಯಲಿಗೆ ಬಿಡಬೇಕು. ನಾನು ಏಳಕ್ಕೇ ಬಂದು ಗೋಣಿ ಕಟ್ಟುತ್ತೇನೆ. ತಡೆಯುವುದಿದ್ದರೆ ಕಾವಲುಗಾರನನ್ನು ಕಳಿಸದೆ ನೀವೇ ಬನ್ನಿ. ಮರಿ ಗುದ್ದಿದ ಜಾಗವನ್ನು ನಾವಿನ್ನೂ ಒರೆಸಿಲ್ಲ.

ಇಂತಿ,
ಹುಲ್ಲೆ ಆವರಣದ ಸಹಾಯಕಿ